ಮರ ನರ್ಸರಿಯಲ್ಲಿ ಕೊಳ್ಳಿ, ಗುಂಡಿ ನೀವೇ ತೋಡಿ

ಅಮೆರಿಕದ ಮಿನಿಯಾಪೊಲಿಸ್‌ನ ಪಶ್ಚಿಮಕ್ಕಿರುವ ಊರುಗಳಲ್ಲಿ ಹೊಸದಾಗಿ ಮನೆ ಕೊಂಡ ಕನ್ನಡದವರು ಮೇ ತಿಂಗಳು ಬಂತೆಂದರೆ ನನ್ನನ್ನು ಕೇಳುವುದು ಎರಡೇ: ಅಂಗಳಕ್ಕೆ ಯಾವ ಮರ ಹಾಕೋಣ, ನೀವು ಮರ ತಂದ ನರ್ಸರಿ ಹೇಗೆ. ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಯವಳು ಅಂದಮೇಲೆ ನೆರಳಿನ ಮರದ ವಿಚಾರ ಇವಳಿಗೆ ಗೊತ್ತಿರಲೇಬೇಕು ಅಂತ ಅವರ ನಂಬಿಕೆ. ಹಾಲುವಾಣ, ಅತ್ತಿ, ಬಸರಿ ನೋಡಿ ಬೆಳೆದವಳಿಗೆ ಇಲ್ಲಿನ ಮೇಪಲ್, ಓಕ್‌ಗಳ ಹೆಸರೂ ಮೊದಲು ಗೊತ್ತಿರಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದುಬಿಡುತ್ತೇನೆ.

ಅಂಕ ಮೊದಲೇ ಕೊಡುತ್ತೇನೆ. ಮರಗಳಿಗೆ ಐದಕ್ಕೆ ಐದು. ಅಂಗಡಿಯಲ್ಲಿ ಸಿಕ್ಕ ಸಲಹೆಗೆ ನಾಲ್ಕೂವರೆ. ಮನೆಗೆ ಬಂದು ನೆಟ್ಟು ಹೋಗುವ ಸೇವೆಗೆ ಎರಡು, ಅದರಲ್ಲೂ ಒಂದು ಅಂಕ ಕೊನೆಗೆ ಬಂದು ಸರಿಮಾಡಿದ್ದಕ್ಕೆ. ನರ್ಸರಿಯ ಹೆಸರು ಬರೆಯುವುದಿಲ್ಲ. ಹೆದ್ದಾರಿ ಪಕ್ಕದಲ್ಲಿ ಎಕರೆಗಟ್ಟಲೆ ಹರಡಿಕೊಂಡ ಇಂಥ ನರ್ಸರಿಗಳು ಇಲ್ಲಿ ಹಲವು ಇವೆ, ಎಲ್ಲವೂ ಹೆಚ್ಚುಕಡಿಮೆ ಹೀಗೇ.

ನಮಗೆ ಮರ ಬೇಕಾದದ್ದು ಆಶ್ ಮರ ಹೋದದ್ದರಿಂದ. ಮನೆ ಕೊಂಡಾಗ ಮುಂದೆ ಒಂದು ದೊಡ್ಡ ಆಶ್ ಇತ್ತು, ರಸ್ತೆಯುದ್ದಕ್ಕೂ ಅದೇ ಜಾತಿ. ಎಮರಾಲ್ಡ್ ಆಶ್ ಬೋರರ್ ಅನ್ನುವ ಹಸಿರು ಜೀರುಂಡೆ 2002ರಲ್ಲಿ ಡೆಟ್ರಾಯಿಟ್ ಹತ್ತಿರ ಪತ್ತೆಯಾಯಿತು, 2009ರಲ್ಲಿ ನಮ್ಮ ಪಕ್ಕದ ಸೇಂಟ್ ಪಾಲ್ ನಗರ ತಲುಪಿತು. ಮರಿಹುಳು ತೊಗಟೆಯ ಕೆಳಗೆ ಅಂಕುಡೊಂಕಾಗಿ ಕೊರೆಯುತ್ತ ಹೋಗಿ ಮರದ ನೀರು, ಆಹಾರ ಎರಡನ್ನೂ ಕಡಿದುಹಾಕುತ್ತದೆ. ಹುಳು ಹೊರಬಂದ ತೂತು ಇಂಗ್ಲಿಷ್‌ನ ಡಿ ಅಕ್ಷರದ ಆಕಾರದಲ್ಲಿರುತ್ತದೆ, ಮೂರು ಮಿಲಿಮೀಟರ್ ಅಗಲ. ನೋಡುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ. ಕಾಂಡಕ್ಕೆ ಔಷಧಿ ಚುಚ್ಚಿಸಿ ಉಳಿಸಿಕೊಳ್ಳಬಹುದು, ಆದರೆ ಎರಡು ಮೂರು ವರ್ಷಕ್ಕೊಮ್ಮೆ ಚುಚ್ಚಿಸುತ್ತಲೇ ಇರಬೇಕು. ನಮ್ಮದು ಅಷ್ಟರಲ್ಲಿ ಅರ್ಧ ಒಣಗಿತ್ತು.

ಬೇಸಗೆಗೆ ಬಂದಿದ್ದ ಅಪ್ಪನಿಗೆ ಬೋರರ್ ಹೊಸ ವಿಷಯವಲ್ಲ. ಅರೇಬಿಕಾ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕದ ಜೊತೆ ಜೀವಮಾನವೆಲ್ಲ ಗುದ್ದಾಡಿದವರು. ನೆರಳು ಕಡಿಮೆಯಾದ ಕಡೆ ಆ ಹುಳ ಜಾಸ್ತಿ ಅನ್ನುವುದು ಅಲ್ಲಿ ಎಲ್ಲ ಬೆಳೆಗಾರರಿಗೂ ಗೊತ್ತು. ಇಲ್ಲಿ ಅವರು ರಸ್ತೆಯ ಎರಡೂ ಬದಿ ನೋಡಿ ಕೇಳಿದ್ದು ಬೇರೆಯೇ. “ಎಲ್ಲಾ ಕಡೆ ಒಂದೇ ಮರ ಯಾಕಮ್ಮ ಹಾಕಿದ್ರು ಇವರು?” ಹಾಕಿದ್ದಕ್ಕೆ ಕಾರಣವಿದೆ. ಅದಕ್ಕೂ ಮುಂಚೆ ಇಲ್ಲೆಲ್ಲ ಎಲ್ಮ್ ಮರಗಳಿದ್ದವು. 1970ರ ದಶಕದಲ್ಲಿ ಡಚ್ ಎಲ್ಮ್ ರೋಗ ಬಂದು ಸಾಲುಸಾಲು ಸತ್ತವು. ಆ ಜಾಗಕ್ಕೆ ಬೇಗ ಬೆಳೆಯುವ, ಚಳಿ ತಡೆಯುವ ಆಶ್ ತಂದು ಸಾಲಾಗಿ ನೆಟ್ಟರು. ಒಂದು ಜಾತಿ ಸತ್ತ ಕಡೆ ಇನ್ನೊಂದೇ ಜಾತಿ. ತೋಟದಲ್ಲಿ ಸಿಲ್ವರ್ ಓಕ್ ಒಂದನ್ನೇ ತುಂಬುವವರ ಬಗ್ಗೆ ಅಪ್ಪ ಏನೇನು ಹೇಳುತ್ತಿದ್ದರೋ ಅದೆಲ್ಲವನ್ನೂ ಇಲ್ಲಿ ಮತ್ತೊಮ್ಮೆ ಕೇಳಿಸಿಕೊಂಡೆ. ಹಾಗಾಗಿ ಹುಡುಕಾಟಕ್ಕೆ ನಮ್ಮದು ಒಂದೇ ಷರತ್ತು: ಅಕ್ಕಪಕ್ಕದಲ್ಲಿ ಇಲ್ಲದ ಜಾತಿ ಇರಬೇಕು. ನಮ್ಮ ಬೀದಿಯಲ್ಲಿ ಆಶ್ ಕಡಿಸಿದವರಲ್ಲಿ ಹೆಚ್ಚಿನವರು ಈಗ ಮೇಪಲ್ ಹಾಕುತ್ತಿದ್ದಾರೆ.

ನರ್ಸರಿಯಲ್ಲಿ ಸಿಕ್ಕ ಮಧ್ಯವಯಸ್ಸಿನ ಮಾರಾಟಗಾರನಿಗೆ ನನ್ನ ನಾಲ್ಕೂವರೆ ಅಂಕ ಪೂರ್ತಿ ಸಲ್ಲಬೇಕು. ನಾವು ಮರ ತೋರಿಸಿ ಅನ್ನುವ ಮೊದಲೇ ಅವನು ಕೇಳತೊಡಗಿದ. ಮೇಲೆ ಕರೆಂಟ್ ತಂತಿ ಇದೆಯೇ, ಮನೆ ಗೋಡೆಯಿಂದ ಎಷ್ಟು ದೂರ, ಮಧ್ಯಾಹ್ನದ ಬಿಸಿಲು ಯಾವ ಕಿಟಕಿಗೆ, ಮಣ್ಣು ಪರೀಕ್ಷೆ ಮಾಡಿಸಿದ್ದೀರಾ. ಮಾಡಿಸಿದ್ದೆವು. ಮಿನೆಸೋಟ ವಿಶ್ವವಿದ್ಯಾಲಯದ ಲ್ಯಾಬ್‌ಗೆ ಮಣ್ಣು ಕಳಿಸಿದರೆ ವರದಿ ಬರುತ್ತದೆ. ನಮ್ಮದು ಜೇಡಿ, ಪಿಎಚ್ 7.6, ಅಂದರೆ ಕ್ಷಾರದ ಮಣ್ಣು. ಅದನ್ನು ಕೇಳಿದ್ದೇ ಅವನು ಕೆಂಪು ಎಲೆಯ ಫೋಟೋ ಅಂಟಿಸಿದ್ದ ‘ಆಟಮ್ ಬ್ಲೇಜ್’ ಮೇಪಲ್ ಸಾಲಿನಿಂದ ನಮ್ಮನ್ನು ಆಚೆ ಕರೆದುಕೊಂಡು ಹೋದ. ಅದು ಕೆಂಪು ಮೇಪಲ್ ಮತ್ತು ಸಿಲ್ವರ್ ಮೇಪಲ್‌ನ ಮಿಶ್ರತಳಿ, ಬೇಗ ಬೆಳೆಯುತ್ತದೆ, ಅಕ್ಟೋಬರ್‌ನಲ್ಲಿ ಇಡೀ ಬೀದಿ ತಿರುಗಿ ನೋಡುವ ಬಣ್ಣ. ಆದರೆ ಕ್ಷಾರ ಹೆಚ್ಚಿರುವ ಮಣ್ಣಿನಲ್ಲಿ ಮ್ಯಾಂಗನೀಸ್, ಕಬ್ಬಿಣ ಇದ್ದರೂ ಅದಕ್ಕೆ ಹೀರಿಕೊಳ್ಳಲು ಬರುವುದಿಲ್ಲ. ನರ ಮಾತ್ರ ಹಸಿರಾಗಿ ಉಳಿದು ಎಲೆ ಜುಲೈನಲ್ಲೇ ಹಳದಿಯಾಗುತ್ತದೆ. ತಮ್ಮಲ್ಲಿ ಅತಿ ಹೆಚ್ಚು ಮಾರಾಟವಾಗುವ ಮರವನ್ನು ಬೇಡ ಅಂದ ಅಂಗಡಿಯವನ ಮೇಲೆ ನನಗೆ ಆಗಲೇ ನಂಬಿಕೆ ಬಂತು.

ಪ್ರತಿ ಮರಕ್ಕೂ ಒಂದು ಚೀಟಿ, ಅದರಲ್ಲಿ ವಲಯದ ಸಂಖ್ಯೆ. ಅಮೆರಿಕದ ಕೃಷಿ ಇಲಾಖೆ ಚಳಿಯ ಆಧಾರದ ಮೇಲೆ ದೇಶವನ್ನು ವಲಯಗಳಾಗಿ ಭಾಗ ಮಾಡಿದೆ (ಸಂಖ್ಯೆ ಕಡಿಮೆಯಾದಷ್ಟೂ ಚಳಿ ಹೆಚ್ಚು), 2023ರ ನವೆಂಬರ್‌ನಲ್ಲಿ ನಕ್ಷೆ ಪರಿಷ್ಕರಿಸಿತು. ಹೊಸ ನಕ್ಷೆಯಲ್ಲಿ ಮಿನಿಯಾಪೊಲಿಸ್ ನಗರ 5ಎ ವಲಯಕ್ಕೆ ಬಂದಿದೆ, ಅಂದರೆ ವರ್ಷದ ಅತಿ ಕಡಿಮೆ ಉಷ್ಣತೆ ಮೈನಸ್ 29ರಿಂದ ಮೈನಸ್ 26 ಡಿಗ್ರಿ ಸೆಲ್ಸಿಯಸ್. ಇದನ್ನು ನೋಡಿ 5 ಅಂತ ಬರೆದ ಮರಗಳನ್ನೆಲ್ಲ ತುಂಬಿಕೊಂಡು ಬರುವವರಿದ್ದಾರೆ. ಆ ಲೆಕ್ಕ ಮೂವತ್ತು ವರ್ಷಗಳ ಸರಾಸರಿ. 2019ರ ಜನವರಿ 30ರ ಬೆಳಿಗ್ಗೆ ಇಲ್ಲಿ ಮೈನಸ್ 33 ಆಗಿತ್ತು. ಮರಕ್ಕೆ ಸರಾಸರಿ ಗೊತ್ತಿಲ್ಲ, ಅಂಥ ಒಂದು ರಾತ್ರಿ ಸಾಕು. ಅರವತ್ತು ವರ್ಷ ನಿಲ್ಲಬೇಕಾದದ್ದಕ್ಕೆ ವಲಯ 4 ಅಥವಾ 3 ಅಂತ ಬರೆದದ್ದನ್ನೇ ತನ್ನಿ.

ನಾವು ತಂದದ್ದು ಎರಡು. ಪಶ್ಚಿಮಕ್ಕೆ ಕೆಂಟಕಿ ಕಾಫಿ ಟ್ರೀ, ಹಿಂದಿನ ಮೂಲೆಗೆ ಬರ್ ಓಕ್.

ಕಾಫಿ ಟ್ರೀ ಅಂದಕೂಡಲೇ ಅಪ್ಪನ ಕಿವಿ ನೆಟ್ಟಗಾಯಿತು, ಆದರೆ ನಮ್ಮ ಕಾಫಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಇದು ಹುಣಸೆ, ಹೊಂಗೆ, ಗುಲ್‌ಮೊಹರ್‌ಗಳ ಕುಟುಂಬದ್ದು. ವಲಸೆ ಬಂದ ಹಳಬರು ಬೀಜ ಹುರಿದು ಕಾಫಿಗೆ ಬದಲು ಕುಡಿಯುತ್ತಿದ್ದರಂತೆ. ಹಸಿ ಬೀಜ, ಕಾಯಿಯ ತಿರುಳು ವಿಷ, ಮಕ್ಕಳಿರುವ ಮನೆಯವರು ನೆನಪಿಡಿ. ನಾವು ತಂದದ್ದು ‘ಎಸ್ಪ್ರೆಸೊ’ ಅನ್ನುವ ಗಂಡು ತಳಿ, ಕಾಯಿಯ ಗೋಜೇ ಇಲ್ಲ. ಎಲೆ ಗುಲ್‌ಮೊಹರ್‌ ಎಲೆಯ ಹಾಗೆ ಕವಲೊಡೆದು ಮತ್ತೆ ಕವಲೊಡೆದದ್ದು, ಒಂದೊಂದು ಎಲೆ ಎರಡು ಮೂರು ಅಡಿ ಉದ್ದ. ನನಗೆ ಇದರಲ್ಲಿ ಇಷ್ಟವಾದದ್ದು ಕೊಂಬೆಯ ಲೆಕ್ಕ. ಎಲೆ ದೊಡ್ಡದಾದ್ದರಿಂದ ರೆಂಬೆ ಕಡಿಮೆ, ಇರುವವೂ ದಪ್ಪ. ಎಲೆ ಉದುರಿದ ಮೇಲೆ ಬಿಸಿಲಿಗೆ ಅಡ್ಡ ಬರುವುದು ಬಹಳ ಸ್ವಲ್ಪ. ಡಿಸೆಂಬರ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ದಕ್ಷಿಣದಲ್ಲಿದ್ದು ದಿಗಂತದಿಂದ 22 ಡಿಗ್ರಿಯಷ್ಟೂ ಏರುವುದಿಲ್ಲ, ಜೂನ್‌ನಲ್ಲಿ 68 ಡಿಗ್ರಿ. ಬೋಳು ಮರವೂ ದಟ್ಟ ರೆಂಬೆಯದಾದರೆ ಆ ಬಡ ಬಿಸಿಲಿನಲ್ಲಿ ಒಳ್ಳೆಯ ಪಾಲು ನುಂಗಿಬಿಡುತ್ತದೆ. ಅದಕ್ಕೇ ದಕ್ಷಿಣದ ಕಿಟಕಿ ಮುಂದೆ ಏನೂ ನೆಡದೆ ಪಶ್ಚಿಮಕ್ಕೆ ಹಾಕಿದೆವು. ಬೇಸಗೆಯಲ್ಲಿ ಎಸಿ ಕೂಗಿಸುವುದು ಸಂಜೆ ನಾಲ್ಕರ ಬಿಸಿಲು, ಮಧ್ಯಾಹ್ನದ್ದಲ್ಲ.

ಕೊರತೆ ಇಲ್ಲ ಅಂತಲ್ಲ. ಚಿಕ್ಕದಿದ್ದಾಗ ನೋಡಲು ಚೆನ್ನಾಗಿಲ್ಲ, ನೆಟ್ಟ ವರ್ಷ ಅಂಗಳದಲ್ಲಿ ಒಂದು ದೊಣ್ಣೆ ನಿಲ್ಲಿಸಿದಂತೆಯೇ. ಮೇ ತಿಂಗಳ ಕೊನೆ ಬಂದರೂ ಚಿಗುರುವುದಿಲ್ಲ. ಅಕ್ಕಪಕ್ಕದ ಮರಗಳೆಲ್ಲ ಹಸಿರಾಗಿ ಇದೊಂದು ಸತ್ತಿದೆಯೋ ಅನ್ನಿಸುತ್ತದೆ. ಪಕ್ಕದ ಮನೆಯಾಕೆ ಪಾಪ, ಪ್ರತಿ ವಸಂತದಲ್ಲೂ ನನಗೆ ಸಮಾಧಾನ ಹೇಳುತ್ತಾಳೆ. ಉಗುರಿನಿಂದ ರೆಂಬೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಬದುಕಿದೆ.

ಬರ್ ಓಕ್ ಈ ನೆಲದ್ದೇ ಮರ. ಹುಲ್ಲುಗಾವಲಿನ ಬೆಂಕಿಯನ್ನು ತಡೆದು ನಿಂತದ್ದು ಅದರ ದಪ್ಪ ತೊಗಟೆಯಿಂದ. ಕ್ಷಾರದ ಮಣ್ಣು, ಬರ, ಮೈನಸ್ ಮೂವತ್ತೈದು, ಯಾವುದಕ್ಕೂ ಜಗ್ಗದು. ಇನ್ನೂರು ಮುನ್ನೂರು ವರ್ಷ ಬದುಕುತ್ತದೆ, ಬೆಳೆಯುವುದೂ ಅದೇ ಲೆಕ್ಕದಲ್ಲಿ. ಇದರ ನೆರಳಿನಲ್ಲಿ ನಾವು ಕೂರುವುದಿಲ್ಲ ಅಂತ ನಮ್ಮ ಮನೆಯವರು ಗೊಣಗಿದರು. ಕೂರುವವರು ಕೂರುತ್ತಾರೆ ಅಂದೆ.

ಲಿಂಡನ್ ನೋಡಿ ಬಿಟ್ಟೆವು. ಹೃದಯದಾಕಾರದ ಎಲೆ, ದಟ್ಟ ನೆರಳು, ಜೇನು ಮುತ್ತುವ ಹೂವು, ಎಲ್ಲ ಸರಿ. ಜುಲೈನಲ್ಲಿ ಜಪಾನಿ ಜೀರುಂಡೆ ಬಂದು ಎಲೆಯನ್ನು ಜರಡಿ ಮಾಡುತ್ತದೆ. ಮರ ಸಾಯುವುದಿಲ್ಲ, ನೋಡಲಾಗುವುದಿಲ್ಲ ಅಷ್ಟೆ. ಅಂದಹಾಗೆ ಇದೇ ನರ್ಸರಿ ಆ ಜೀರುಂಡೆಗೆ ವಾಸನೆಯ ಬಲೆ ಮಾರುತ್ತದೆ. ಕೊಳ್ಳಬೇಡಿ. ಆ ವಾಸನೆಗೆ ಊರಿನ ಜೀರುಂಡೆಗಳೆಲ್ಲ ನಿಮ್ಮ ಅಂಗಳಕ್ಕೆ ಬರುತ್ತವೆ, ಬಲೆಗೆ ಬೀಳದವು ನಿಮ್ಮ ಗುಲಾಬಿ ತಿನ್ನುತ್ತವೆ. ರೋಗ ತಡೆಯುವ ಎಲ್ಮ್ ತಳಿಗಳು, ‘ಅಕೊಲೇಡ್’, ‘ಪ್ರಿನ್ಸ್‌ಟನ್’ ಮುಂತಾದವು, ಈಗ ಸಿಗುತ್ತವೆ. ಜಾಗ ದೊಡ್ಡದಿದ್ದರೆ ಯೋಚಿಸಬಹುದು. ಯಾರೂ ತಿರುಗಿ ನೋಡದ ಹ್ಯಾಕ್‌ಬೆರಿಗೆ ನನ್ನದೊಂದು ಶಿಫಾರಸು. ಗಂಟುಗಂಟು ತೊಗಟೆ, ಎಲೆ ಮೇಲೆ ಮೊಡವೆ ಎದ್ದಂತೆ ಗುಳ್ಳೆ, ಚೆಲುವಿನ ಸುದ್ದಿಯೇ ಇಲ್ಲ. ರಸ್ತೆ ಪಕ್ಕದ ಕೆಟ್ಟ ಮಣ್ಣಿನಲ್ಲೂ ಬದುಕುತ್ತದೆ, ಗುಳ್ಳೆಯಿಂದ ಮರಕ್ಕೆ ಏನೂ ಆಗುವುದಿಲ್ಲ.

ಇನ್ನು ಗಾತ್ರ. ಓಕ್ ಅನ್ನು ಕುಂಡದಲ್ಲಿ ಬೆಳೆದದ್ದು ತಂದೆವು, ಇನ್ನೂರು ಡಾಲರ್ ಆಸುಪಾಸು. ಕಾಫಿ ಟ್ರೀ ಹೊಲದಿಂದ ಅಗೆದು ಬೇರುಮುದ್ದೆಗೆ ಗೋಣಿತಟ್ಟು, ತಂತಿಬುಟ್ಟಿ ಕಟ್ಟಿದ ಎರಡಿಂಚು ಕಾಂಡದ ಮರ. ಬೆಲೆ ಎರಡು ಪಟ್ಟಿಗೂ ಮಿಗಿಲು. ಹೀಗೆ ಅಗೆದ ಮರದ ಬೇರಿನ ಬಹುಪಾಲು ಹೊಲದಲ್ಲೇ ಉಳಿದಿರುತ್ತದೆ. ಕಾಂಡದ ಪ್ರತಿ ಇಂಚಿಗೆ ಸುಮಾರು ಒಂದೂವರೆ ವರ್ಷ ಬೇಕು ಬೇರು ಊರಲು, ಅಂತ ವಿಶ್ವವಿದ್ಯಾಲಯದವರ ಲೆಕ್ಕ. ದೊಡ್ಡದು ತಂದರೆ ದುಡ್ಡೂ ಹೆಚ್ಚು, ನೀರು ಹೊರುವ ವರ್ಷಗಳೂ ಹೆಚ್ಚು. ಚಿಕ್ಕದು ಬೇಗ ಊರಿಕೊಂಡು ಕೆಲವೇ ವರ್ಷದಲ್ಲಿ ಅದನ್ನು ಹಿಡಿದುಬಿಡುತ್ತದೆ. ಹೊಸದಾಗಿ ಕೊಳ್ಳುವವರಿಗೆ ನನ್ನ ಮಾತು ಒಂದೂವರೆ ಇಂಚಿಗಿಂತ ದಪ್ಪದ ಮರ ಬೇಡ ಅಂತ. ಅದಾದರೆ ಇಬ್ಬರು ಎತ್ತಬಹುದು, ನೆಡುವವರ ಹಂಗೇ ಬೇಡ.

ಯಾಕೆ ಹಂಗು ಬೇಡ ಅಂದರೆ ಇಲ್ಲಿದೆ ಕತೆ. ನೆಡುವುದಕ್ಕೆ ಮರದ ಬೆಲೆಯ ಮುಕ್ಕಾಲು ಪಾಲು ಪ್ರತ್ಯೇಕ. ಅಗೆಯುವ ಮೊದಲು 811ಕ್ಕೆ ಕರೆ ಮಾಡಿ ಭೂಮಿಯೊಳಗಿನ ಗ್ಯಾಸ್, ಕರೆಂಟ್, ನೀರಿನ ಕೊಳವೆಗಳಿಗೆ ಗುರುತು ಹಾಕಿಸಬೇಕು. ಪುಕ್ಕಟೆ ಸೇವೆ, ಬಂದು ಹಳದಿ, ಕೆಂಪು, ನೀಲಿ ಬಣ್ಣ ಬಳಿದು ಹೋಗುತ್ತಾರೆ. ಅದನ್ನು ನರ್ಸರಿಯವರೇ ಮಾಡಿಸಿದರು, ಒಪ್ಪಿದೆ. ನೆಡುವ ತಂಡ ಹೇಳಿದ ದಿನ ಬರಲಿಲ್ಲ. ಬಂದ ದಿನ ಅರ್ಧ ಗಂಟೆಯಲ್ಲಿ ಎರಡೂ ಮರ ನೆಟ್ಟು, ತೇವ ಆರದಿರಲೆಂದು ಬುಡಕ್ಕೆ ಹಾಸುವ ಮರದ ಚೂರನ್ನು ಹುತ್ತದ ಹಾಗೆ ಪೇರಿಸಿ, ಸಹಿ ಹಾಕಿಸಿಕೊಂಡು ಹೋದರು. ನೋಡಲು ನೀಟಾಗಿತ್ತು.

ಸಂಜೆ ಅಪ್ಪ ಹೋಗಿ ಕಾಫಿ ಟ್ರೀ ಪಕ್ಕ ಕುಕ್ಕರಗಾಲಲ್ಲಿ ಕೂತು ಕೈಯಿಂದ ಬುಡ ಕೆದಕತೊಡಗಿದರು. “ಬುಡ ಎಲ್ಲಿ ಹೋಯ್ತಮ್ಮ ಇದರದ್ದು?” ಕಂಬ ಹುಗಿದಂತೆ ಕಾಂಡ ನೇರ ಮಣ್ಣಿಗಿಳಿದಿತ್ತು. ಮರ ಅಂದಮೇಲೆ ಬುಡ ಅಗಲವಾಗಿ ಬೇರು ಕವಲೊಡೆಯುವ ಜಾಗ ನೆಲದ ಮೇಲೆ ಕಾಣಬೇಕು. ಕೆದಕುತ್ತ ಹೋದರೆ ಅದು ಸಿಕ್ಕಿದ್ದು ಒಂದು ಗೇಣು ಆಳದಲ್ಲಿ. ಯಂತ್ರದಿಂದ ಅಗೆದಾಗ ಬೇರುಮುದ್ದೆಯ ಮೇಲೆಯೇ ಮಣ್ಣು ಹೆಚ್ಚಿಗೆ ಕೂತಿರುತ್ತದೆ. ನೆಡುವವರು ಅದನ್ನು ತೆಗೆದು ಬುಡ ಹುಡುಕಿ ಆ ಮಟ್ಟಕ್ಕೆ ಗುಂಡಿ ತೋಡಬೇಕು. ಇವರು ಮುದ್ದೆಯನ್ನು ಹಾಗೇ ಇಳಿಸಿ ಮೇಲೆ ಇನ್ನಷ್ಟು ಮುಚ್ಚಿದ್ದರು. ಗೋಣಿಯ ದಾರ ಕಾಂಡಕ್ಕೆ ಬಿಗಿದೇ ಇತ್ತು, ತಂತಿಬುಟ್ಟಿ ಪೂರ್ತಿ ಉಳಿದಿತ್ತು.

ಆಳ ನೆಟ್ಟ ಮರ ಮರುದಿನ ಸಾಯುವುದಿಲ್ಲ, ಮೋಸ ಇರುವುದೇ ಅಲ್ಲಿ. ಗಾಳಿ ಹುಡುಕುತ್ತ ಬೇರು ಮೇಲಕ್ಕೆ ಬಂದು ಕಾಂಡಕ್ಕೇ ಸುತ್ತಿಕೊಳ್ಳುತ್ತದೆ. ಹತ್ತು ಹದಿನೈದು ವರ್ಷಕ್ಕೆ ಅದೇ ಉರುಲಾಗಿ ಮರ ಒಣಗುತ್ತದೆ ಅಥವಾ ಗಾಳಿಗೆ ಬುಡದಲ್ಲೇ ಮುರಿಯುತ್ತದೆ. ನರ್ಸರಿಯ ವಾರಂಟಿ ಒಂದು ವರ್ಷದ್ದು.

ಫೋಟೋ ಕಳಿಸಿದೆ, ಫೋನ್ ಮಾಡಿದೆ, ಉತ್ತರವಿಲ್ಲ. ಕೊನೆಗೆ ಆ ಮಾರಾಟಗಾರನನ್ನೇ ಹಿಡಿದೆ. ಅವನು ಫೋಟೋ ನೋಡಿ ಏನೂ ವಾದ ಮಾಡಲಿಲ್ಲ, ಬೇರೆ ಇಬ್ಬರನ್ನು ಕಳಿಸಿದ. ಅವರು ಮರ ಎತ್ತಿ, ಮೇಲಿನ ಮಣ್ಣು ಕೆರೆದು, ಬುಟ್ಟಿಯ ಮೇಲ್ಭಾಗ ಕತ್ತರಿಸಿ, ಗುಂಡಿಯನ್ನು ಮುದ್ದೆಯ ಎರಡು ಪಟ್ಟು ಅಗಲ ಮಾಡಿ ಸರಿಯಾಗಿ ಇಳಿಸಿದರು. ಓಕ್‌ನ ಕುಂಡದ ಬೇರು ಸುತ್ತಿಕೊಂಡಿತ್ತು. ಸುತ್ತಲಿನ ಪದರವನ್ನು ಗರಗಸದಿಂದ ಹೆರೆದು ನೆಟ್ಟರು. ಅಪ್ಪ ಉದ್ದಕ್ಕೂ ಪಕ್ಕದಲ್ಲೇ ನಿಂತಿದ್ದರು. ಭಾಷೆ ಬಾರದಿದ್ದರೂ ಆ ಇಬ್ಬರಿಗೂ ಅವರು ಯಾರು, ಏನು ನೋಡುತ್ತಿದ್ದಾರೆ ಅನ್ನುವುದು ಅರ್ಥವಾಗಿತ್ತು ಅನ್ನಿಸುತ್ತದೆ. ನೀವು ಹಣ ಕೊಟ್ಟು ನೆಡಿಸುವುದಾದರೆ ಸಹಿ ಹಾಕುವ ಮುಂಚೆ ಬುಡ ತೋರಿಸಿ ಅನ್ನಿ. ಮರದ ಚೂರು ಮೂರಿಂಚು ದಪ್ಪ ಅಗಲವಾಗಿ ಹರಡಿರಬೇಕು, ಕಾಂಡಕ್ಕೆ ತಾಗಬಾರದು.

ನೀರಿಗೆ ಅವರು ಮಾರುವ, ಕಾಂಡಕ್ಕೆ ಸುತ್ತಿ ಜಿಪ್ ಹಾಕುವ ಹಸಿರು ಚೀಲ ಕೊಂಡೆವು. ಕೆಲಸ ಮಾಡುತ್ತದೆ. ವಾರಗಟ್ಟಲೆ ಬಿಟ್ಟರೆ ತೊಗಟೆ ಒದ್ದೆಯಾಗಿಯೇ ಇರುತ್ತದೆ, ಇಲಿಗೂ ಒಳ್ಳೆಯ ಮನೆ. ಐದು ಗ್ಯಾಲನ್ (ಸುಮಾರು 19 ಲೀಟರ್) ಬಕೆಟ್‌ನ ತಳಕ್ಕೆ ನಾಲ್ಕು ತೂತು ಕೊರೆದು ಬುಡದ ಹತ್ತಿರ ಇಟ್ಟರೆ ಅದೇ ಕೆಲಸ ಕಡಿಮೆ ಖರ್ಚಿನಲ್ಲಿ. ಎರಡಿಂಚು ಕಾಂಡಕ್ಕೆ ಒಂದು ಸಲಕ್ಕೆ ಎರಡು ಮೂರು ಗ್ಯಾಲನ್ ಸಾಕು. ಮೊದಲೆರಡು ವಾರ ದಿನಾ, ಆಮೇಲೆ ಮೂರು ತಿಂಗಳಾಗುವವರೆಗೆ ಎರಡು ಮೂರು ದಿನಕ್ಕೊಮ್ಮೆ, ನಂತರ ವಾರಕ್ಕೊಮ್ಮೆ. ಎಲೆ ಉದುರಿತು ಅಂತ ನಿಲ್ಲಿಸಬೇಡಿ, ನೆಲ ಹೆಪ್ಪುಗಟ್ಟುವವರೆಗೂ ಹಾಕಿ.

ಚಳಿಗಾಲದ ಸಾಮಾನಿನಲ್ಲಿ ಎರಡಕ್ಕೆ ಮಾತ್ರ ದುಡ್ಡು ಕೊಡಿ. ಒಂದು, ಕಾಂಡಕ್ಕೆ ಸುತ್ತುವ ಬಿಳಿ ಕವಚ. ಫೆಬ್ರವರಿಯ ಬಿಸಿಲು ನೈರುತ್ಯದಿಂದ ಬಿದ್ದು ಎಳೆಯ ತೊಗಟೆ ಬೆಚ್ಚಗಾಗಿ ಎಚ್ಚರಗೊಳ್ಳುತ್ತದೆ. ಸೂರ್ಯ ಮುಳುಗಿದ್ದೇ ಥಟ್ಟನೆ ಹೆಪ್ಪುಗಟ್ಟಿ ಆ ಬದಿ ಸತ್ತು ಸೀಳುತ್ತದೆ. ಬಿಳಿ ಬಣ್ಣ ಬಿಸಿಲನ್ನು ತಿರುಗಿಸುತ್ತದೆ. ನವೆಂಬರ್‌ನಲ್ಲಿ ಹಾಕಿ, ಏಪ್ರಿಲ್‌ನಲ್ಲಿ ತೆಗೆಯಿರಿ; ವರ್ಷವಿಡೀ ಬಿಟ್ಟರೆ ಒಳಗೆ ಹುಳ ಕಟ್ಟುತ್ತದೆ. ಇನ್ನೊಂದು, ಕಾಲಿಂಚು ಕಣ್ಣಿನ ತಂತಿಜಾಲರಿ. ಅದನ್ನು ಹಿಮದ ಮಟ್ಟಕ್ಕಿಂತ ಒಂದೂವರೆ ಎರಡಡಿ ಮೇಲೆ ಬರುವ ಹಾಗೆ ಕಟ್ಟಿ. ಮೊಲ ಹಿಮದ ಮೇಲೆ ನಿಂತು ತೊಗಟೆ ಕಡಿಯುತ್ತದೆ, ಸಣ್ಣ ಇಲಿಗಳು ಹಿಮದ ಕೆಳಗಿನಿಂದ ಬರುತ್ತವೆ, ಹಾಗಾಗಿ ಜಾಲರಿಯ ಅಡಿ ಎರಡಿಂಚು ಮಣ್ಣೊಳಗಿರಲಿ. ಮೊಲ ತಿಂದ ಮರಕ್ಕೆ ವಾರಂಟಿ ಇಲ್ಲ, ಚೀಟಿಯ ಹಿಂದೆ ಸಣ್ಣಕ್ಷರದಲ್ಲಿದೆ. ಮಾರುವ ಉಳಿದ ಟಾನಿಕ್, ಗೊಬ್ಬರದ ಗುಳಿಗೆ, ಬೇರಿನ ಪುಡಿ ಯಾವುದೂ ಬೇಡ.

ಮಾರ್ಚ್‌ನಲ್ಲಿ ಒಂದು ಕರಪತ್ರ ಬರುತ್ತದೆ, ಮೇ ತಿಂಗಳ ಕೊಂಬೆ ಕತ್ತರಿಸುವ ಸೇವೆಗೆ ರಿಯಾಯಿತಿ ಅಂತ. ಓಕ್ ಇರುವವರು ಅದನ್ನು ನೇರ ಕಸಕ್ಕೆ ಹಾಕಿ. ಏಪ್ರಿಲ್‌ನಿಂದ ಜುಲೈವರೆಗೆ ಕತ್ತರಿಸಿದ ಗಾಯಕ್ಕೆ ಸಣ್ಣ ಜೀರುಂಡೆಗಳು ಓಕ್ ವಿಲ್ಟ್ ಅನ್ನುವ ಒಣಗುವ ರೋಗದ ಶಿಲೀಂಧ್ರ ಹೊತ್ತು ತರುತ್ತವೆ. ಕೆಂಪು ಓಕ್ ಜಾತಿ ಒಂದೇ ಬೇಸಗೆಯಲ್ಲಿ ಸಾಯಬಹುದು. ಬರ್ ಓಕ್ ಸ್ವಲ್ಪ ತಡೆಯುತ್ತದೆ, ಆದರೂ ಪಂದ್ಯ ಕಟ್ಟುವ ವಿಷಯವಲ್ಲ. ನಮ್ಮ ಕಡೆ ಮಳೆ ಹಿಡಿಯುವ ಮುಂಚೆ ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಸುವುದು ರೂಢಿ, ಇಲ್ಲಿ ಅದೇ ಹೊತ್ತು ಕತ್ತಿ ಒಳಗಿಡಬೇಕು. ಹಿಮ ಇರುವಾಗಲೇ, ಜನವರಿ ಫೆಬ್ರವರಿಯಲ್ಲಿ ಕತ್ತರಿಸಿ. ರೆಂಬೆಯೂ ಚೆನ್ನಾಗಿ ಕಾಣುತ್ತದೆ, ಆಳುಗಳೂ ಬಿಡುವಾಗಿರುತ್ತಾರೆ.

ಹ್ಯಾಕ್‌ಬೆರಿ ತರಲು ನಾನು ಇದೇ ನರ್ಸರಿಗೆ ಹೋಗುತ್ತೇನೆ, ಚಿಕ್ಕ ಕುಂಡದ್ದು, ನೆಡುವುದು ನಾವೇ. ಸೆಪ್ಟೆಂಬರ್ ಕೊನೆಯಲ್ಲಿ ಅವರಲ್ಲಿ ಬೆಲೆ ಇಳಿಯುತ್ತದೆ. ಆಗ ಕುಂಡದ ಮರ ತರಬಹುದು. ಗೋಣಿ ಕಟ್ಟಿದ ಓಕ್, ಬರ್ಚ್ ಮಾತ್ರ ಆ ಕಾಲಕ್ಕೆ ಬೇಡ, ಬೇರು ಊರುವ ಮುಂಚೆ ನೆಲ ಕಲ್ಲಾಗುತ್ತದೆ. ರಸೀದಿ ಮತ್ತು ಚೀಟಿಯ ಎರಡೂ ಬದಿ ಫೋಟೋ ತೆಗೆದಿಟ್ಟುಕೊಳ್ಳಿ, ಚೀಟಿಯ ಶಾಯಿ ಒಂದು ಬೇಸಗೆಗೇ ಮಾಸಿಹೋಗುತ್ತದೆ.